ಅಡಿಟಿಪ್ಪಣಿಯ ಋಣ: ಓಲೆಗರಿಯಿಂದ ಸರಳ ಪಠ್ಯದವರೆಗೆ

ನಮ್ಮ ಸೀಮೆಯ ಒಂದು ಹಳ್ಳಿಯ ಚರಿತ್ರೆಯನ್ನು ಕುರಿತು ಕೆಲವು ವರ್ಷಗಳ ಹಿಂದೆ ನಾವು ಒಂದು ಲೇಖನವನ್ನು ಸಿದ್ಧಪಡಿಸಿದ್ದೆವು. ಅದು ಅಚ್ಚಾಗಿ ಕೈಗೆ ಬಂದಾಗ, ಹೊಸೂರು ಸೀಮೆಯು ಕಂಪನಿ ಸರ್ಕಾರದ ವಶವಾದದ್ದು 17993ರಲ್ಲಿ ಎಂದು ಅದರಲ್ಲಿತ್ತು. ಓದಿದವರೆಲ್ಲ ನಕ್ಕರು, ನಾವೂ ನಕ್ಕೆವು. ಆದದ್ದು ಇಷ್ಟೇ: 1799 ಎಂಬ ಇಸವಿಯ ಹೆಗಲ ಮೇಲೆ ಪುಟ್ಟದಾಗಿ ಕುಳಿತಿದ್ದ ಮೂರನೆಯ ಟಿಪ್ಪಣಿಯ ಅಂಕಿಯು, ಹಳೆಯ ಬಗೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಗುವಾಗ ಕೆಳಗಿಳಿದು ಇಸವಿಯ ಸಾಲಿನಲ್ಲೇ ನಿಂತುಬಿಟ್ಟಿತ್ತು. ಲೇಖನದ ಕೊನೆಯಲ್ಲಿದ್ದ ಟಿಪ್ಪಣಿಗಳನ್ನು ಸ್ಥಳಾಭಾವದಿಂದ ಕೈಬಿಡಲಾಗಿತ್ತು.

ನಗು ಮುಗಿದ ಮೇಲೆ ಉಳಿದದ್ದು ಬೇರೊಂದು ಭಾವ. ಆ ಮೂರನೆಯ ಟಿಪ್ಪಣಿಯಲ್ಲಿ, ಕೆರೆಯ ಕೆಳಗಿನ ಗದ್ದೆಗಳು ಆ ಕಾಲದಲ್ಲಿ ಯಾರ ಯಾರ ಪಾಲಿಗೆ ಬಂದವೆಂದು ನಮಗೆ ತಿಳಿಸಿದ ಹಿರಿಯರೊಬ್ಬರ ಹೆಸರೂ, ಅವರ ಮನೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದದ ವಿವರವೂ ಇದ್ದವು. ಆ ಹಿರಿಯರು ಈಗಿಲ್ಲ. ಕೈಬರಹದ ಪ್ರತಿಯೂ ಉಳಿದಿಲ್ಲ. ಲೇಖನದ ವಾಕ್ಯ ಉಳಿದಿದೆ. ಅದನ್ನು ನಂಬಬೇಕೆ ಬೇಡವೆ ಎಂದು ಪರೀಕ್ಷಿಸುವ ದಾರಿ ಮುಚ್ಚಿಹೋಗಿದೆ. ಅಡಿಟಿಪ್ಪಣಿಯೆಂಬುದು ಪಂಡಿತರ ಅಲಂಕಾರವೆಂದು ಅಲ್ಲಿಯವರೆಗೆ ತಿಳಿದಿದ್ದ ನಮಗೆ, ಅದೊಂದು ಋಣಪತ್ರವೆಂದು ಅಂದು ಅರಿವಾಯಿತು. ಈ ಲೇಖನವು ಆ ಅರಿವಿನ ಫಲ.

ಸಾಕ್ಷಿ ಹೇಳುವ ಸಂಪ್ರದಾಯ

ತಾನು ಹೇಳುವ ಮಾತಿಗೆ ಆಧಾರವನ್ನು ತೋರಿಸುವ ಪದ್ಧತಿ ಕನ್ನಡಕ್ಕೆ ಹೊರಗಿನಿಂದ ಬಂದದ್ದಲ್ಲ. ದಾನಶಾಸನಗಳನ್ನು ನೋಡಿದವರಿಗೆ ಇದು ತಿಳಿದೇ ಇದೆ. ದಾನ ಕೊಟ್ಟವರ ಹೆಸರು, ಪಡೆದವರ ಹೆಸರು, ಭೂಮಿಯ ಎಲ್ಲೆ ಇವೆಲ್ಲ ಮುಗಿದ ಮೇಲೆ ಅನೇಕ ಶಾಸನಗಳಲ್ಲಿ ಸಾಕ್ಷಿಗಳ ಹೆಸರೂ, ಬರೆದವನ ಹೆಸರೂ, ಕೆಲವೊಮ್ಮೆ ಕಲ್ಲಿನಲ್ಲಿ ಕಂಡರಿಸಿದವನ ಹೆಸರೂ ಬರುತ್ತವೆ. ನಾಳೆ ತಕರಾರು ಬಂದರೆ ಯಾರನ್ನು ಕೇಳಬೇಕೆಂಬುದನ್ನು ಕಲ್ಲೇ ಹೇಳುತ್ತದೆ. ಅಡಿಟಿಪ್ಪಣಿಯ ಕೆಲಸವೂ ಇದೇ.

ಕಾವ್ಯ ಮತ್ತು ಶಾಸ್ತ್ರಗ್ರಂಥಗಳ ವಿಷಯವೂ ಹೀಗೆಯೇ. ಓಲೆಗರಿಯ ಕಟ್ಟುಗಳಲ್ಲಿ ಮೂಲದ ಪದ್ಯ, ಅದರ ಹಿಂದೆಯೇ ಟೀಕೆ, ಟಿಪ್ಪಣಿ ಅಥವಾ ವೃತ್ತಿ ಬರುವುದು ವಾಡಿಕೆ. ಗರಿಯು ಉದ್ದವಾಗಿ, ಅಗಲ ಕಿರಿದಾಗಿರುವುದರಿಂದ ‘ಪುಟದ ಅಡಿ’ ಎಂಬ ಜಾಗವೇ ಅಲ್ಲಿಲ್ಲ. ಆದ್ದರಿಂದ ವಿವರಣೆಯು ಮೂಲದ ಬೆನ್ನಿಗೇ ಅಂಟಿಕೊಂಡು ನಡೆಯುತ್ತಿತ್ತು. ಸುಮಾರು 1260ರ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ಕಂದಪದ್ಯದಲ್ಲಿ ಹೇಳಿ, ಗದ್ಯದಲ್ಲಿ ವೃತ್ತಿಯನ್ನು ಬರೆದು, ಬಳಿಕ ಪ್ರಯೋಗಗಳನ್ನು ಕೊಡುತ್ತಾನೆ. ತನ್ನ ಲಕ್ಷ್ಯಕ್ಕೆ ಆಧಾರವಾದ ಕವಿಗಳನ್ನೂ ಆರಂಭದಲ್ಲೇ ಹೆಸರಿಸುತ್ತಾನೆ. ಅವರಲ್ಲಿ ಗಜಗ, ಮನಸಿಜ ಮೊದಲಾದವರ ಕೃತಿಗಳು ನಮಗೆ ದೊರೆತಿಲ್ಲ. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ, 850ರ ಸುಮಾರಿನ ‘ಕವಿರಾಜಮಾರ್ಗ’ವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕವಿಗಳನ್ನು ನೆನೆಯುತ್ತದೆ. ಅವರ ಗದ್ಯದ ಒಂದು ಓಲೆಯೂ ನಮ್ಮ ಕೈಯಲ್ಲಿಲ್ಲ. ಒಬ್ಬನು ತನ್ನ ಋಣವನ್ನು ಒಪ್ಪಿಕೊಂಡು ಬರೆದಿಟ್ಟದ್ದರಿಂದಲೇ ಆ ಹೆಸರುಗಳು ಸಾವಿರ ವರ್ಷ ಉಳಿದವು. ಕೃತಿ ಅಳಿದು ಉಲ್ಲೇಖ ಉಳಿದದ್ದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಪುಟದ ಅಡಿಗೆ ಇಳಿದ ಬಗೆ

ಅಚ್ಚಿನ ಯಂತ್ರ ಬಂದ ಮೇಲೆ ಪುಟಕ್ಕೆ ಒಂದು ತಲೆ, ಒಂದು ಅಂಚು, ಒಂದು ಅಡಿ ಎಂಬ ಭಾಗಗಳು ಸ್ಥಿರವಾದವು. ಐರೋಪ್ಯ ವಿದ್ವಾಂಸರು ಆ ಅಡಿಯನ್ನು ಆಧಾರಗಳಿಗೆ ಮೀಸಲಿಟ್ಟರು. 1697ರಲ್ಲಿ ಪ್ರಕಟವಾದ ಪಿಯೇರ್ ಬೇಲ್‌ನ ಚಾರಿತ್ರಿಕ ನಿಘಂಟಿನಲ್ಲಿ ಮೂಲಪಾಠಕ್ಕಿಂತ ಟಿಪ್ಪಣಿಗಳೇ ಹಿರಿದಾಗಿವೆ. ಎಡ್ವರ್ಡ್ ಗಿಬ್ಬನ್ ರೋಮ್ ಸಾಮ್ರಾಜ್ಯದ ಅವನತಿಯನ್ನು ಕುರಿತ ತನ್ನ ಗ್ರಂಥದ ಮೊದಲ ಸಂಪುಟವನ್ನು 1776ರಲ್ಲಿ ಹೊರತಂದಾಗ, ಟಿಪ್ಪಣಿಗಳು ಸಂಪುಟದ ಕೊನೆಯಲ್ಲಿದ್ದವು. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಅದನ್ನು ಓದಿ ಪ್ರಕಾಶಕನಿಗೆ ಪತ್ರ ಬರೆದನು: ಅಂಕಿ ಕಂಡಾಗಲೆಲ್ಲ ಕೊನೆಯ ಪುಟಗಳಿಗೆ ಹೋದರೆ ಅಲ್ಲಿ ಬಹುಪಾಲು ಗ್ರಂಥದ ಹೆಸರಷ್ಟೇ ಸಿಗುತ್ತದೆ, ಅವನ್ನು ಅಂಚಿನಲ್ಲೋ ಅಡಿಯಲ್ಲೋ ಅಚ್ಚುಮಾಡುವುದು ಒಳಿತು ಎಂಬುದು ಅವನ ಸಲಹೆಯ ಸಾರ. ಮುಂದಿನ ಆವೃತ್ತಿಗಳಲ್ಲಿ ಟಿಪ್ಪಣಿಗಳು ಪುಟದ ಅಡಿಗೆ ಬಂದವು. ಟಿಪ್ಪಣಿ ಎಲ್ಲಿರಬೇಕೆಂಬ ವಾದ ಇಂದಿನದಲ್ಲ.

ಕನ್ನಡದಲ್ಲಿ ಈ ಶಿಸ್ತನ್ನು ಬೆಳೆಸಿದವರಲ್ಲಿ ಫರ್ಡಿನೆಂಡ್ ಕಿಟ್ಟೆಲ್ಲರು ಮೊದಲ ಸಾಲಿನವರು. 1872ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ ಅವರು, 1894ರಲ್ಲಿ ಹೊರಬಂದ ತಮ್ಮ ನಿಘಂಟಿನಲ್ಲಿ ಪದಗಳ ಅರ್ಥದೊಂದಿಗೆ ಅವು ಯಾವ ಗ್ರಂಥದಲ್ಲಿ ಬಂದಿವೆಯೆಂಬುದನ್ನು ಸಂಕ್ಷೇಪಾಕ್ಷರಗಳಿಂದ ಸೂಚಿಸಿದರು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಿತು, ಕವಿಯ ಕಾಲವನ್ನು ಹೇಳುವಾಗ ಅದಕ್ಕೆ ಆಧಾರವೇನೆಂಬುದನ್ನು ಅವರು ಓದುಗರ ಮುಂದಿಟ್ಟರು. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸರು 1886ರಿಂದ ಸುಮಾರು ಇಪ್ಪತ್ತು ವರ್ಷಗಳಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳನ್ನು ಹೊರತಂದು, ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರನ್ನೂ ಕ್ರಮಸಂಖ್ಯೆಯನ್ನೂ ಕೊಟ್ಟರು. ಇಂದಿಗೂ ಇತಿಹಾಸದ ಬರಹಗಳ ಅಡಿಟಿಪ್ಪಣಿಗಳಲ್ಲಿ ಆ ತಾಲ್ಲೂಕು ಮತ್ತು ಸಂಖ್ಯೆಯೇ ಶಾಸನದ ವಿಳಾಸ.

ಗಡಿಯ ಈಚೆಗಿನ ತೊಡಕು

ಇಲ್ಲಿಂದ ನಮ್ಮ ಮನೆಯ ಮಾತು. ರೈಸರ ಒಂಬತ್ತನೆಯ ಸಂಪುಟದಲ್ಲಿ ಆನೇಕಲ್ಲು ಇದೆ, ಹತ್ತನೆಯದರಲ್ಲಿ ಮಾಲೂರು ಇದೆ. ಎರಡೂ ಹೊಸೂರಿಗೆ ನೆರೆಯ ತಾಲ್ಲೂಕುಗಳು. ಹೊಸೂರು ಮಾತ್ರ ಆ ಸಂಪುಟಗಳಲ್ಲಿಲ್ಲ. ಕಾರಣ ಸರಳ: ಅವರ ಕೆಲಸ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೇರಿದ್ದು, ನಾವು ಮದರಾಸು ಪ್ರಾಂತ್ಯದವರು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲು ಕಂಪನಿಗೆ ಹೋಯಿತು. ಕ್ಯಾಪ್ಟನ್ ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ರೈತವಾರಿ ಪದ್ಧತಿಗೆ ಬುನಾದಿ ಹಾಕಿದ್ದು ಈ ನೆಲದಲ್ಲಿ. ಘಟ್ಟದ ಮೇಲಿನ ಹೊಸೂರಿನ ಬಾಲಾಘಾಟ್ ಸೀಮೆಯು 1799ರಲ್ಲಿ ಟಿಪ್ಪುವಿನ ಪತನಾನಂತರ ಸೇರಿತು. ಹೀಗಾಗಿ ನಮ್ಮ ಚರಿತ್ರೆಯ ಆಧಾರಗಳು ಎರಡು ಕಡೆ ಹಂಚಿಹೋದವು: ಕಲ್ಲಿನ ಬರಹವು ಕನ್ನಡದಲ್ಲಿದ್ದರೂ ಅದರ ದಾಖಲೆಯು ಮದರಾಸಿನ ಕಡತಗಳಲ್ಲಿ, ಕಂದಾಯದ ಲೆಕ್ಕವು ‘ಬಾರಾಮಹಲ್ ರೆಕಾರ್ಡ್ಸ್’ ಎಂಬ ಇಂಗ್ಲಿಷ್ ಸಂಪುಟಗಳಲ್ಲಿ, ಊರಿನ ವರ್ಣನೆಯು ಲೆ ಫಾನು 1883ರಲ್ಲಿ ಬರೆದ ಸೇಲಂ ಜಿಲ್ಲೆಯ ಕೈಪಿಡಿಯಲ್ಲಿ ಮತ್ತು ಎಫ್. ಜೆ. ರಿಚರ್ಡ್ಸ್ 1918ರಲ್ಲಿ ಹೊರತಂದ ಗೆಜೆಟಿಯರಿನಲ್ಲಿ.

ವಿಳಾಸವಾದರೂ ನಿಂತಿತೆ? ಅದೂ ಇಲ್ಲ. ರಿಚರ್ಡ್ಸ್ ಬರೆದಾಗ ಹೊಸೂರು ಸೇಲಂ ಜಿಲ್ಲೆಯ ತಾಲ್ಲೂಕು. 1956ರ ನವೆಂಬರ್ 1ರ ಭಾಷಾವಾರು ವಿಂಗಡಣೆಯಲ್ಲಿ ಅದು ಮದರಾಸು ರಾಜ್ಯದಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಊರುಗಳ ಹೆಸರುಗಳೂ ಬರಹದಿಂದ ಬರಹಕ್ಕೆ ಬದಲಾಗುತ್ತವೆ. ‘ಹೊಸ ಊರು’ ಎಂದು ಕನ್ನಡಿಗರಿಗೆ ಕೇಳಿದ ಕೂಡಲೇ ತಿಳಿಯುವ ಹೆಸರು ತಮಿಳಿನಲ್ಲಿ ‘ಓಸೂರ್’ ಆಗುತ್ತದೆ. ನಮ್ಮ ಡೆಂಕಣಿಕೋಟೆಯು ‘ತೇನ್‌ಕನಿಕ್ಕೋಟ್ಟೈ’ ಆಗುತ್ತದೆ. ಒಂದೇ ಕಲ್ಲನ್ನು ಮೂವರು ಮೂರು ಜಿಲ್ಲೆಗಳ ಹೆಸರಿನಲ್ಲಿ, ಎರಡು ಬಗೆಯ ಊರುಹೆಸರಿನಲ್ಲಿ ಉಲ್ಲೇಖಿಸಿದರೆ, ಅದು ಒಂದೇ ಕಲ್ಲೆಂದು ಮೊಮ್ಮಕ್ಕಳಿಗೆ ತಿಳಿಯುವುದು ಹೇಗೆ?

ಗಡಿಯ ಆಚೆಗೂ ಇಂಥ ತೊಡಕು ಇಲ್ಲದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನು ತರತೊಡಗಿದಾಗ ಸಂಪುಟಗಳ ಕ್ರಮವೂ ಬದಲಾಯಿತು. ರೈಸರ ಐದನೆಯ ಸಂಪುಟ ಹಾಸನ ಜಿಲ್ಲೆಯದು. ಪರಿಷ್ಕೃತ ಐದನೆಯದು ಮೈಸೂರು ಜಿಲ್ಲೆಯ ತಾಲ್ಲೂಕುಗಳದು. ‘ಸಂಪುಟ 5’ ಎಂದಷ್ಟೇ ಬರೆದು ಆವೃತ್ತಿಯನ್ನು ಬಿಟ್ಟವನು ಓದುಗನನ್ನು ಹಾಸನಕ್ಕೆ ಕಳುಹಿಸುವ ಬದಲು ಮೈಸೂರಿಗೆ ಕಳುಹಿಸಿದಂತಾಗುತ್ತದೆ. ಟಿಪ್ಪಣಿ ಇದ್ದರೆ ಸಾಲದು, ಅದು ಪೂರ್ಣವಾಗಿರಬೇಕು.

ಸರಳ ಪಠ್ಯದ ಗುರುತುಗಳು

ನಮ್ಮ ಜಿಲ್ಲೆ ಹುಟ್ಟಿದ 2004ರಲ್ಲಿಯೇ, ದೂರದ ಅಮೆರಿಕದಲ್ಲಿ ಜಾನ್ ಗ್ರೂಬರ್ ಎಂಬವರು ಏರನ್ ಸ್ವಾರ್ಟ್ಸ್ ಅವರ ನೆರವಿನಿಂದ ‘ಮಾರ್ಕ್‌ಡೌನ್’ ಎಂಬ ಸರಳ ಗುರುತುಭಾಷೆಯನ್ನು ಪ್ರಕಟಿಸಿದರು. ಇದರ ತತ್ತ್ವ ಬಹಳ ಸಣ್ಣದು. ದಪ್ಪ ಅಕ್ಷರ, ಶೀರ್ಷಿಕೆ, ಪಟ್ಟಿ ಮೊದಲಾದವನ್ನು ಕಣ್ಣಿಗೆ ಕಾಣದ ಸಂಕೇತಗಳಲ್ಲಿ ಅಡಗಿಸದೆ, ನಕ್ಷತ್ರ, ಗೆರೆ, ಆವರಣ ಮುಂತಾದ ಸಾಮಾನ್ಯ ಚಿಹ್ನೆಗಳಿಂದ ಪಠ್ಯದಲ್ಲೇ ಬರೆಯುವುದು. ಕಡತವನ್ನು ಯಾವ ಯಂತ್ರದಲ್ಲಿ ತೆರೆದರೂ ಮನುಷ್ಯನು ಓದಬಲ್ಲನು. ಆದರೆ ಆ ಮೊದಲ ಮಾರ್ಕ್‌ಡೌನ್‌ನಲ್ಲಿ ಅಡಿಟಿಪ್ಪಣಿಗೆ ಸ್ಥಾನವಿರಲಿಲ್ಲ. ಅದನ್ನು ಸೇರಿಸಿದವರು ಬಳಸಿದ ಜನರೇ: ಮಿಶೆಲ್ ಫೋರ್ಟಿನ್ ಅವರ ‘ಮಾರ್ಕ್‌ಡೌನ್ ಎಕ್ಸ್‌ಟ್ರಾ’, ಫ್ಲೆಚರ್ ಪೆನ್ನಿ ಅವರ ‘ಮಲ್ಟಿಮಾರ್ಕ್‌ಡೌನ್’, ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಮ್ಯಾಕ್‌ಫಾರ್ಲೇನ್ ಅವರ ‘ಪ್ಯಾನ್‌ಡಾಕ್’ ಇವು ಆ ಕೊರತೆಯನ್ನು ತುಂಬಿದವು. ತಂತ್ರಾಂಶಗಾರರ ನೆಲೆಯಾದ ಗಿಟ್‌ಹಬ್ ಕೂಡ 2021ರಲ್ಲಿ ಇದನ್ನು ಅಂಗೀಕರಿಸಿತು. ಆಧಾರ ಕೊಡಬೇಕೆಂಬ ಹಂಬಲವು ಸಾಧನಕ್ಕಿಂತ ಹಳೆಯದೆಂಬುದಕ್ಕೆ ಇದು ಹೊಸ ಪುರಾವೆ.

ವಿಧಾನವನ್ನು ಒಂದು ಉದಾಹರಣೆಯಿಂದ ತೋರಿಸುತ್ತೇವೆ. ಹೊಸೂರಿನ ಬಳಿಯ ತೊರಪಳ್ಳಿಯು ರಾಜಾಜಿಯವರ ಜನ್ಮಸ್ಥಳವೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಅದನ್ನು ಹೀಗೆ ಬರೆಯಬಹುದು:

ರಾಜಾಜಿಯವರು 1878ರ ಡಿಸೆಂಬರ್ 10ರಂದು ತೊರಪಳ್ಳಿಯಲ್ಲಿ ಜನಿಸಿದರು.[^ತೊರಪಳ್ಳಿ]

[^ತೊರಪಳ್ಳಿ]: ಆಗ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ.

ಚೌಕಾವರಣದೊಳಗೆ ಒಂದು ಮೇಲ್ಮೊನೆಯ ಚಿಹ್ನೆ, ಅದರ ಮುಂದೆ ನಾವು ಇಟ್ಟ ಹೆಸರು. ಅದೇ ಹೆಸರನ್ನು ಬೇರೊಂದು ಸಾಲಿನ ಆರಂಭದಲ್ಲಿ ಬರೆದು, ಮುಂದೆ ವಿವರಣೆಯ ಚುಕ್ಕಿಗಳೆರಡನ್ನು ಹಾಕಿದರೆ ಟಿಪ್ಪಣಿ ಸಿದ್ಧ. ಆ ಸಾಲು ಕಂಡಿಕೆಯ ಕೆಳಗೇ ಇರಲಿ, ಕಡತದ ಕೊನೆಯಲ್ಲೇ ಇರಲಿ, ಫಲ ಒಂದೇ. ಟಿಪ್ಪಣಿಯು ಒಂದಕ್ಕಿಂತ ಹೆಚ್ಚು ಕಂಡಿಕೆಗಳದ್ದಾದರೆ ಮುಂದಿನ ಕಂಡಿಕೆಗಳನ್ನು ನಾಲ್ಕು ಅಕ್ಷರದಷ್ಟು ಒಳಸರಿಸಬೇಕು. ಹೆಸರಿನ ನಡುವೆ ಖಾಲಿ ಜಾಗ ಬಿಡಬಾರದು. ಪ್ಯಾನ್‌ಡಾಕ್‌ನಲ್ಲಿ, ಸಣ್ಣ ಟಿಪ್ಪಣಿಯಾದರೆ, ಚಿಹ್ನೆಯನ್ನು ಆವರಣದ ಹೊರಗಿಟ್ಟು ^[ಹೀಗೆ] ಸ್ಥಳದಲ್ಲೇ ಬರೆದುಬಿಡಬಹುದು.

ಇದರಲ್ಲಿ ನಮಗೆ ದೊರೆಯುವ ಲಾಭ ಮೂರು. ಮೊದಲನೆಯದು, ನಾವು ಅಂಕಿಯನ್ನು ಬರೆಯುವುದೇ ಇಲ್ಲ; ಹೆಸರನ್ನು ಬರೆಯುತ್ತೇವೆ. 1, 2, 3 ಎಂಬ ಎಣಿಕೆಯನ್ನು ಯಂತ್ರವು ಕಡೆಯಲ್ಲಿ ಹಾಕುತ್ತದೆ. ನಡುವೆ ಹೊಸ ಟಿಪ್ಪಣಿ ಸೇರಿದರೂ ಹಳೆಯದು ತನ್ನ ಮಾತಿನಿಂದ ಕಳಚುವುದಿಲ್ಲ. ಎರಡನೆಯದು, ಗುರುತು ಮತ್ತು ಇಸವಿ ಬೆರೆಯುವುದಿಲ್ಲ. 1799ರ ಪಕ್ಕದಲ್ಲಿ ಚೌಕಾವರಣ ನಿಂತಿದ್ದರೆ ಯಾವ ಫಾಂಟು ಬದಲಾವಣೆಯೂ ಅದನ್ನು 17993 ಆಗಿಸಲಾರದು. ಮೂರನೆಯದು, ಕಾಣೆಯಾದ ಟಿಪ್ಪಣಿ ಬಯಲಾಗುತ್ತದೆ. ಮೇಲೆ ಹೆಸರಿದ್ದು ಕೆಳಗೆ ವಿವರಣೆ ಇಲ್ಲದಿದ್ದರೆ ಪ್ಯಾನ್‌ಡಾಕ್ ಆ ಆವರಣವನ್ನು ಹಾಗೆಯೇ ಪುಟದ ಮೇಲೆ ಬಿಡುತ್ತದೆ. ಕರಡು ತಿದ್ದುವವರ ಕಣ್ಣಿಗೆ ಅದು ತಪ್ಪದೆ ಬೀಳುತ್ತದೆ. ಇದಕ್ಕೆ ವಿರುದ್ಧವಾದದ್ದರ ಬಗ್ಗೆ ಎಚ್ಚರ ಬೇಕು: ಕೆಳಗೆ ವಿವರಣೆ ಇದ್ದು ಮೇಲೆ ಗುರುತಿಲ್ಲದಿದ್ದರೆ ಅಚ್ಚಿನ ಪುಟದಲ್ಲಿ ಅದು ಬರುವುದೇ ಇಲ್ಲ.

ಒಂದೇ ಕಡತದಿಂದ ವರ್ಡ್ ದಾಖಲೆ, ಜಾಲಪುಟ, ವಿದ್ಯುನ್ಮಾನ ಪುಸ್ತಕ ಇವೆಲ್ಲವನ್ನೂ ಪ್ಯಾನ್‌ಡಾಕ್ ಮಾಡಿಕೊಡುತ್ತದೆ. ಅಚ್ಚಿನಲ್ಲಿ ಟಿಪ್ಪಣಿಗಳು ಹ್ಯೂಮ್ ಬಯಸಿದಂತೆ ಪುಟದ ಅಡಿಗೆ ಇಳಿಯುತ್ತವೆ. ಜಾಲದಲ್ಲಿ ಪುಟಕ್ಕೆ ಅಡಿಯೇ ಇಲ್ಲವಾದ್ದರಿಂದ ಅವು ಬರಹದ ಕೊನೆಗೆ ಸೇರಿ, ಮರಳಿ ಬರಲು ಪುಟ್ಟ ಬಾಣವೊಂದನ್ನು ಪಡೆಯುತ್ತವೆ. ಅಡಿಯಿಲ್ಲದ ಓಲೆಗರಿಯ ಪರಿಸ್ಥಿತಿಗೆ ನಾವು ಒಂದು ರೀತಿಯಲ್ಲಿ ಮರಳಿ ಬಂದಿದ್ದೇವೆ.

ಕನ್ನಡಿಗರಿಗೆ ಈ ರೂಢಿ ಅಪರಿಚಿತವೇನಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಬರೆದವರಲ್ಲಿ ಅನೇಕರು ಇಂಥದೇ ಒಂದು ಗುರುತುಭಾಷೆಯನ್ನು ಬಳಸಿದ್ದಾರೆ. ಅಲ್ಲಿ ‘ರೆಫ್’ ಎಂಬ ಕೋನಾವರಣದ ಗುರುತುಗಳ ನಡುವೆ ಆಧಾರವನ್ನು ಬರೆದರೆ ಅದು ಲೇಖನದ ಕೊನೆಯ ‘ಉಲ್ಲೇಖಗಳು’ ಎಂಬ ಭಾಗಕ್ಕೆ ತಾನಾಗಿ ಹೋಗುತ್ತದೆ. ಹೆಸರಿಟ್ಟರೆ ಒಂದೇ ಆಧಾರವನ್ನು ಹಲವು ಕಡೆ ಬಳಸಬಹುದು. ಆಧಾರವಿಲ್ಲದ ವಾಕ್ಯವನ್ನು ಯಾರು ಬೇಕಾದರೂ ಪ್ರಶ್ನಿಸಬಹುದೆಂಬ ನೀತಿಯನ್ನು ಅನೇಕ ತರುಣರು ಕಲಿತದ್ದು ಅಲ್ಲಿ.

ನಮ್ಮ ಮುಂದಿನ ಕೆಲಸ

ಟಿಪ್ಪಣಿ ಹಾಕಿದ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲ. ತಪ್ಪು ಆಧಾರವನ್ನೂ ಅಚ್ಚುಕಟ್ಟಾಗಿ ಕೊಡಬಹುದು. ಟಿಪ್ಪಣಿಯು ಮಾಡುವುದು ಒಂದೇ: ನಾವು ತಪ್ಪಿದ್ದರೆ ನಮ್ಮನ್ನು ತಿದ್ದುವ ದಾರಿಯನ್ನು ಮುಂದಿನವರಿಗೆ ತೆರೆದಿಡುವುದು. ಸರ್ಕಾರದ ದಾಖಲೆಗಳು ಬೇರೆ ಭಾಷೆಯಲ್ಲಿ, ಮನೆಯ ಮಾತು ಕನ್ನಡದಲ್ಲಿ, ನೆರೆಯವರ ಮಾತು ತೆಲುಗಿನಲ್ಲಿ ಇರುವ ನಮ್ಮಂಥ ಸೀಮೆಗೆ ಈ ದಾರಿ ಇನ್ನೂ ಅಗತ್ಯ. ಆಧಾರವಿಲ್ಲದ ಅಭಿಮಾನದ ಮಾತನ್ನು ಹೊರಗಿನವರು ನಂಬುವುದಿಲ್ಲ. ಒಂದು ತಲೆಮಾರು ಕಳೆದರೆ ನಮ್ಮ ಮಕ್ಕಳೂ ನಂಬುವುದಿಲ್ಲ.

ಆದುದರಿಂದ ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ತಮ್ಮ ಊರಿನ ವೀರಗಲ್ಲು, ಕೆರೆ, ಗುಡಿ, ಶಾಲೆ, ವಲಸೆ ಬಂದ ಮನೆತನ ಇವುಗಳಲ್ಲಿ ಯಾವುದನ್ನು ಕುರಿತು ಬರೆದರೂ ಒಂದೊಂದು ಸಂಗತಿಗೂ ಒಂದು ಟಿಪ್ಪಣಿ ಇರಲಿ. ಕಲ್ಲಾದರೆ ಅದು ಈಗ ನಿಂತಿರುವ ಜಾಗ, ಊರಿನ ಹೆಸರು ಕನ್ನಡದಲ್ಲಿಯೂ ತಮಿಳಿನಲ್ಲಿಯೂ, ನೋಡಿದ ದಿನಾಂಕ. ಪುಸ್ತಕವಾದರೆ ಆವೃತ್ತಿ, ಇಸವಿ, ಪುಟ. ಹಿರಿಯರ ಬಾಯಿಮಾತಾದರೆ ಅವರ ಒಪ್ಪಿಗೆಯಿಂದ ಅವರ ಹೆಸರು, ಕೇಳಿದ ದಿನ, ಅವರು ಅದನ್ನು ಯಾರಿಂದ ಕೇಳಿದರೆಂಬುದು. ಬರಹವನ್ನು ಸರಳ ಪಠ್ಯದಲ್ಲಿ, ಯೂನಿಕೋಡ್ ಕನ್ನಡದಲ್ಲಿ ಉಳಿಸಿರಲಿ; ಅಚ್ಚಿಗೆ ಪ್ರತಿಯನ್ನು ಕೊಟ್ಟು, ಮೂಲ ಕಡತವನ್ನು ಮನೆಯಲ್ಲಿಟ್ಟುಕೊಳ್ಳಲಿ. ಗಣಕದ ಅಭ್ಯಾಸವಿಲ್ಲದ ಹಿರಿಯರು ಹೇಳಲಿ, ಕಾಲೇಜಿಗೆ ಹೋಗುವ ಮಕ್ಕಳು ಬರೆದುಕೊಳ್ಳಲಿ. ಮೇಲ್ಮೊನೆಯ ಚಿಹ್ನೆಯನ್ನೂ ಎರಡು ಆವರಣಗಳನ್ನೂ ಕಲಿಯಲು ಒಂದು ಸಂಜೆ ಸಾಕು.

ಸ್ಮರಣ ಸಂಚಿಕೆಯ ಪದ್ಧತಿಯಂತೆ ಈ ಲೇಖನಕ್ಕೆ ಟಿಪ್ಪಣಿಗಳನ್ನು ಕೊಡದೆ, ಆಧಾರಗಳನ್ನು ವಾಕ್ಯಗಳಲ್ಲೇ ಹೆಸರಿಸಿದ್ದೇವೆ. ಮುಂದಿನ ಸಮ್ಮೇಳನದ ಹೊತ್ತಿಗೆ ಹತ್ತು ಹಳ್ಳಿಗಳ ಚರಿತ್ರೆಯಾದರೂ ಅಡಿಟಿಪ್ಪಣಿ ಸಹಿತ ಕೂಡಿಬರಲೆಂಬುದು ನಮ್ಮ ಆಶಯ. ನಮ್ಮ ಕೈಯಿಂದ ಜಾರಿದ ಆ ಮೂರನೆಯ ಟಿಪ್ಪಣಿಯನ್ನು ಮರಳಿ ತರಲಾರೆವು. ಪೆಟ್ಟಿಗೆಯಲ್ಲಿ ಹಳೆಯ ಕಾಗದವನ್ನಿಟ್ಟುಕೊಂಡು ಕಾಯುತ್ತಿರುವ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಹೆಸರು ಪುಟದ ಅಡಿಯಲ್ಲಾದರೂ ಉಳಿಯಲಿ.